ಹೊಗಳಿಕೆಗೆ ಹೊಲಿದ ಗೂಡು

ಹತ್ತಿರ ಬನ್ನಿ ಮಕ್ಕಳೇ, ಇನ್ನೂ ಹತ್ತಿರ. ಇದನ್ನ ಯಾರ ಮುಂದೂ ಬಾಯಿ ಬಿಡಕೂಡದು. ಆಣೆ ಇಟ್ಟರೇ ಹೇಳೋದು. ಈ ಕಥೆಯ ಹಕ್ಕಿಯ ಬಳಗ ಇನ್ನೂ ಇಲ್ಲೇ ಸುತ್ತಮುತ್ತ ಇದೆ.

ಒಂದು ಕಾಡಿನಲ್ಲಿ ಸಿಂಗಾರಿ ಎಂಬ ದರ್ಜಿ ಹಕ್ಕಿ ಇದ್ದಳು. ಎಲೆಗೆ ಎಲೆ ಕೂಡಿಸಿ, ಕೊಕ್ಕಿನಿಂದ ತೂತು ಮಾಡಿ, ಬೂರುಗದ ಹತ್ತಿಯ ಎಳೆಯಿಂದ ಗೂಡು ಹೊಲಿಯೋದು ಅವಳ ಕುಲದ ಕಸುಬು. ಮರಿಯಾಗಿದ್ದಾಗಿನ ಸಿಂಗಾರಿಯನ್ನ ನೋಡಬೇಕಿತ್ತು! ಮಳೆ ಬಿಟ್ಟ ಸಂಜೆ ಮುಳ್ಳುಪೊದೆಯೊಳಗೆ ಅಮ್ಮನ ಪಕ್ಕ ಕೂತು ಎಲೆ ಚುಚ್ಚೋಳು, ಬಿಚ್ಚೋಳು, ಮತ್ತೆ ಚುಚ್ಚೋಳು. "ಹುಳ ಆರಿಹೋಗ್ತದೆ, ತಿನ್ನು ಬಾರೇ" ಅಂತ ಅಮ್ಮ ಅಂದರೂ ಕಿವಿಗೆ ಬೀಳದು. ಆ ಸುಖ ಎಲ್ಲಿ ಹೋಯ್ತು ಅಂತೀರಾ? ನರಿಯಪ್ಪನ ಬಾಯಿಗೆ ಹೋಯ್ತು.

ಸಿಂಗಾರಿ ದೊಡ್ಡವಳಾದಳು. ಮೊದಲ ಮೊಟ್ಟೆಗೆ ಗೂಡು ಹೊಲಿಯಲು ಕೂತಾಗ ನರಿ ದಾರಿಯಲ್ಲಿ ನಿಂತ. "ಅಬ್ಬಬ್ಬಾ ತಂಗಿ, ಏನು ಕೊಕ್ಕಿನ ಚಳಕ!" ಅಂದ. ಅಷ್ಟೇ. ಮಾರನೆಯ ಬೆಳಗ್ಗೆ ಇವಳು ಗರಿ ತೀಡಿಕೊಂಡು ಅವನ ದಾರಿ ಕಾಯ್ತಿದ್ದಳು! ಗಂಡ ಪಾಪ, ಹುಳ ಹುಡುಕಿಕೊಂಡು ಹೋಗೋನು. ಇತ್ತ ಕಾಡೆಲ್ಲ ಗುಸುಗುಸು. ನರಿ ಬಂದು ಹೊಗಳಿದರೆ ನಾಲ್ಕು ಹೊಲಿಗೆ, ಬರದಿದ್ದರೆ ನೂಲು ಮುಟ್ಟೋಳೇ ಅಲ್ಲ.

ಒಂದು ದಿನ ನರಿ ಅಂದ: "ಪೊದೆಯೊಳಗೆ ಹೊಲಿದರೆ ಯಾರು ನೋಡ್ತಾರೆ ತಂಗಿ? ದಾರಿಬದಿಯ ಮಾವಿನ ತಗ್ಗು ಕೊಂಬೆಯಲ್ಲಿ ಹೊಲಿ. ಕಾಡೇ ನಿಂತು ನೋಡಲಿ."

ಆ ಕೊಂಬೆಯಲ್ಲಿ ಚಗಳವ್ವನ ಸಂಸಾರ ಇತ್ತು. ಚಗಳಿ ಅಂದರೆ ಕೆಂಪಿರುವೆ. ಅವೂ ಎಲೆಗೆ ಎಲೆ ಕೂಡಿಸಿಯೇ ಗೂಡು ಕಟ್ಟೋದು.

"ನರಿಗೆ ಎಟುಕೋ ಕಡೆ ಮೊಟ್ಟೆ ಇಡ್ತೀಯೇನೇ, ಬುದ್ಧಿಗೇಡಿ?" ಅಂದಳು ಚಗಳವ್ವ.

"ನಿನಗೆ ಹೊಟ್ಟೆಕಿಚ್ಚು," ಅಂದಳು ಸಿಂಗಾರಿ.

ಅಲ್ಲೇ ಹೊಲಿದಳು. ಹೊಲಿಯುವಾಗ ಒಮ್ಮೊಮ್ಮೆ ಅಮ್ಮ ನೆನಪಾಗೋಳು, ತೊಟ್ಟಿಕ್ಕುವ ಎಲೆಗಳ ನಡುವಿನ ಸಂಜೆ ಬಿಸಿಲು ನೆನಪಾಗೋದು. ಎಷ್ಟು ಹೊಲಿದರೂ ಆಗಿನ ಹಿಗ್ಗು ಬರಲೊಲ್ಲದು.

ಮೊಟ್ಟೆ ಇಟ್ಟದ್ದೇ ತಡ, ನರಿ ಬಂದ. ಈ ಸಲ ಹೊಗಳಿಕೆ ಇಲ್ಲ, ಬಾಯಲ್ಲಿ ಜೊಲ್ಲು. "ಅಣ್ಣಾ, ಬೇಡ! ನನ್ನ ಮಕ್ಕಳು!" ಅಂತ ಸಿಂಗಾರಿ ಚೀರಿದಳು. ನರಿ ಕಿವಿಗೆ ಹಾಕಿಕೊಳ್ಳಲಿಲ್ಲ. ಎದುರಿಗೆ ಎಲೆಯ ಗೂಡೊಂದು ಕಂಡಿತು. ಗಬಕ್ಕನೆ ಬಾಯಿ ಹಾಕಿದ.

ಅದು ಚಗಳಿಗಳ ಗೂಡು!

ಮೂಗಿನೊಳಗೆ, ನಾಲಗೆ ಮೇಲೆ, ಕಣ್ಣಿನ ರೆಪ್ಪೆಗೆ ಚಗಳಿಗಳು ಕಚ್ಚಿ ಜೋತುಬಿದ್ದವು. "ಅಯ್ಯಯ್ಯೋ, ಸತ್ತೆ!" ಅಂತ ಊಳಿಡುತ್ತ ಓಡಿದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಪಕ್ಕದ ಗೂಡಿನಲ್ಲಿ ಮೊಟ್ಟೆಗಳು ಬೆಚ್ಚಗಿದ್ದವು. ಸಿಂಗಾರಿ ಹಾರಿಬಂದು ಅವುಗಳ ಮೇಲೆ ಕೂತಳು. ಹರಿದ ಗೂಡಿನಿಂದ ಹೊರಬಂದ ಚಗಳವ್ವ ಸುಮ್ಮನಿರುತ್ತಾಳೆಯೇ? ಮುಖಕ್ಕೆ ಹೊಡೆದ ಹಾಗೆ ಅಂದಳು: "ದಿನಾ ನಿನ್ನ ಹೊಲಿಗೆ ಹೊಗಳಿದವನಿಗೆ, ನಿನ್ನದು ಯಾವುದು ನನ್ನದು ಯಾವುದು ಅಂತಲೇ ತಿಳೀಲಿಲ್ಲ. ಅವನು ಒಂದು ದಿನವೂ ನಿನ್ನ ಹೊಲಿಗೆ ನೋಡೇ ಇಲ್ಲ ಕಣೇ!"

ನೀತಿ: ಇಷ್ಟಪಟ್ಟು ಮಾಡುವ ಕೆಲಸದಲ್ಲೇ ಸುಖವಿದೆ; ಬರೀ ಹೊಗಳಿಕೆಗಾಗಿ ಮಾಡಹೊರಟರೆ ಸುಖವೂ ಹೋಗುತ್ತದೆ, ಮೋಸಗಾರನಿಗೆ ದಾರಿಯೂ ಆಗುತ್ತದೆ.