ಚಕ್ರಕ್ಕೆ ಕಲ್ಲು ಕೊಡೋನು

ಇದು ನಡೆದಿದ್ದು. ಹೆತ್ತವ್ವನಾಣೆ, ಒಂದಕ್ಷರ ಕಟ್ಟಿ ಹೇಳ್ತಿಲ್ಲ. ಸುಳ್ಳು ಅನ್ನೋನು ಯಾರಾದ್ರೂ ಇದ್ರೆ ಬೆಟ್ಟದ ಮೇಲಿನ ಹಟ್ಟಿಗಳಿಗೆ ಹೋಗಿ ಕೇಳ್ಕೊಂಡು ಬರ್ಲಿ, ಆಮೇಲೆ ನನ್ನ ಮುಂದೆ ನಿಂತು ಮಾತಾಡ್ಲಿ.

ಗ್ಯಾರೇಜಲ್ಲಿ ಕೆಲಸ ಕಲೀತಿದ್ದ ಶಿಷ್ಯ ಒಬ್ಬ ಹಳೇ ಜೀಪ್ ತಂದ. ಸ್ವಂತದ್ದು. ಕಾಡು ಮೇಡು, ಕಲ್ಲು ಕೆಸರು ಎಲ್ಲಾ ನುಗ್ಗೋ ಹಂಗೆ ಅದನ್ನ ಕಟ್ಟಬೇಕು ಅಂತ ಆಸೆ. ಕೈಯಲ್ಲಿ ದುಡ್ಡು ಅಷ್ಟಕ್ಕಷ್ಟೇ. ಮೇಸ್ತ್ರಿ ಹತ್ರ ಬಂದು ಕೇಳ್ದ:

"ಮೇಸ್ತ್ರಿ, ಎಲ್ಲಾ ಒಟ್ಟಿಗೆ ಆಗಲ್ಲ. ಮೊದಲು ಯಾವುದಕ್ಕೆ ದುಡ್ಡು ಹಾಕ್ಲಿ? ಟೈರಿಗಾ, ವಿಂಚಿಗಾ, ಲೈಟಿಗಾ?"

ಮೇಸ್ತ್ರಿ ಅಂದ್ರೆ ಸಾಮಾನ್ಯ ಅಲ್ಲ. ಕಣ್ಣಿಗೆ ಬಟ್ಟೆ ಕಟ್ಟಿದ್ರೂ ಗೇರ್ ಬಾಕ್ಸ್ ಬಿಚ್ಚಿ ಜೋಡಿಸೋ ಕೈ. ಮೂರು ತಾಲ್ಲೂಕಲ್ಲಿ ಅಂಥವನು ಇನ್ನೊಬ್ಬ ಇರ್ಲಿಲ್ಲ, ಈಗ್ಲೂ ಇಲ್ಲ. ಆದ್ರೆ ಈ ಪ್ರಶ್ನೆಗೆ ಅವನು ನೆಟ್ಟಗೆ ಉತ್ತರ ಹೇಳ್ಲಿಲ್ಲ. ಕೈ ಒರೆಸ್ಕೊಂಡು ಕೂತ್ಕೊಂಡು ಒಂದು ಕತೆ ಹೇಳ್ದ.

ಬೆಟ್ಟದ ಬುಡದಲ್ಲಿ ಒಬ್ಬ ಹುಣಿಸೆ ವ್ಯಾಪಾರಿ ಇದ್ದ. ಬೆಟ್ಟದ ಮೇಲೆ ನಾಲ್ಕು ಹಟ್ಟಿ. ಅಲ್ಲಿಯೋರಿಗೆ ಹುಣಿಸೆ ಮರವೇ ಹೊಲ, ಹುಣಿಸೆ ಮರವೇ ಗದ್ದೆ. ದಾರಿ ಅಂದ್ರೆ ಬರೀ ಕಲ್ಲು, ಕೊರಕಲು. ಬೇಸಿಗೇಲಿ ಗಂಡಸ್ರು ಹೆಂಗಸ್ರು ತಲೆ ಮೇಲೆ ಮೂಟೆ ಹೊತ್ತು ಇಳಿಸ್ತಿದ್ರು. ಅರ್ಧ ಇಳಿಸೋ ಹೊತ್ತಿಗೆ ಮಳೆ ಹಿಡ್ಕೊಳ್ಳೋದು. ಉಳಿದ ಅರ್ಧ ಬೂಷ್ಟು ಹಿಡಿದು ಹಾಳಾಗೋದು. ಇದು ತಾತ ಮುತ್ತಾತನ ಕಾಲದಿಂದ ನಡ್ಕೊಂಡು ಬಂದಿದ್ದು.

ವ್ಯಾಪಾರಿ ಒಂದು ಹಳೇ ಫೋರ್ ವೀಲ್ ಜೀಪ್ ತಗೊಂಡ. ಹಟ್ಟಿಯೋರನ್ನ ಕೂರಿಸ್ಕೊಂಡು ಮಾತು ಕೊಟ್ಟ.

"ಇನ್ನು ಯಾರೂ ಹೊರೋದು ಬ್ಯಾಡ. ಮಳೆ ಬೀಳೋಕೆ ಮುಂಚೆ ನಿಮ್ಮ ಕೊನೇ ಮೂಟೆ ಕೆಳಗಿರ್ತದೆ. ಇದು ನನ್ನ ಮಾತು."

ಅವರು ನಂಬಿದ್ರು. ಬೇರೆ ವ್ಯಾಪಾರಿಗಳನ್ನ ಹಟ್ಟಿ ಬಾಗಿಲಿಂದಲೇ ವಾಪಸ್ ಕಳಿಸಿದ್ರು.

ವ್ಯಾಪಾರಿ ಜೊತೇಲಿ ಚೆಲುವಯ್ಯ ಅಂತ ಒಬ್ಬ ಇದ್ದ. ಆಳಲ್ಲ, ಪಾಲುದಾರನೂ ಅಲ್ಲ, ಗೆಳೆಯ. ಇಬ್ರೂ ಒಂದೇ ಬೀದೀಲಿ ಗೋಲಿ ಆಡಿ ಬೆಳೆದೋರು. ವ್ಯಾಪಾರಿ ಸ್ಟೇರಿಂಗ್ ಹಿಡಿದ್ರೆ ಚೆಲುವಯ್ಯ ಎಡಗಡೆ ಕೂರ್ತಿದ್ದ, ಕಾಲ ಹತ್ರ ಒಂದು ಕಲ್ಲು ಇಟ್ಕೊಂಡು. ಇಳಿಜಾರಲ್ಲಿ ಜೀಪ್ ನಿಲ್ಲಿಸಿದ ತಕ್ಷಣ ಅವನು ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಡ್ಬೇಕು. ಬೆಟ್ಟದ ದಾರೀಲಿ ಗಾಡಿ ಹೊಡೆಯೋರೆಲ್ಲಾ ಹಂಗೇ ಮಾಡೋದು. ಆದ್ರೆ ಈ ಜೀಪಿಗೆ ಅದು ಬೇಕೇ ಬೇಕಿತ್ತು. ತಂದಾಗಿಂದ ಅದರ ಬ್ರೇಕು ಅಷ್ಟಕ್ಕಷ್ಟೇ. ಪೆಡಲ್ ಒಂದು ಸಲ ಒತ್ತಿದ್ರೆ ಕೆಳಗೆ ಹೋಗೋದು, ಎರಡನೇ ಸಲ ಒತ್ತಿದ್ರೆ ಹಿಡಿಯೋದು. ಹ್ಯಾಂಡ್ ಬ್ರೇಕು ಬರೀ ಕೈ ಇಟ್ಕೊಳ್ಳೋಕೆ.

ಮೊದಲನೇ ವರ್ಷ ನಾಲ್ಕು ಕಾಸು ಉಳೀತು. ಏನಾದ್ರೂ ಮಾಡಿಸ್ಬೇಕು ಅಂತ ಇಬ್ರೂ ಮಾತಾಡ್ಕೊಂಡ್ರು. ಅದಕ್ಕೆ ಸ್ವಲ್ಪ ದಿನ ಮುಂಚೆ ಸಂತೆ ಮಾಳದ ಹತ್ರ ಜೀಪ್ ಕೆಸರಲ್ಲಿ ಹೂತ್ಕೊಂಡು, ಎತ್ತು ಕಟ್ಟಿ ಎಳೆಸಿದ್ರು. ನೋಡ್ದೋರೆಲ್ಲಾ ನಕ್ಕಿದ್ರು. ಆ ನಗು ವ್ಯಾಪಾರಿ ಹೊಟ್ಟೇಲಿ ಮುಳ್ಳಾಗಿ ಕೂತಿತ್ತು. ಅವನು ದೊಡ್ಡ ಟೈರಿಗೆ ಹಣ ಕಟ್ದ. ಕಲ್ಲಿನ ಮೇಲೆ ಹಲ್ಲಿ ಹಂಗೆ ಹತ್ತೋ ಟೈರು.

"ಸಾವ್ಕಾರ, ಇದರಲ್ಲಿ ಒಂದು ಟೈರಿನ ದುಡ್ಡಲ್ಲಿ ನಾಲ್ಕೂ ಚಕ್ರದ ಬ್ರೇಕು ಆಗ್ತಿತ್ತಲ್ಲೋ" ಅಂದ ಚೆಲುವಯ್ಯ. ಗೆಳೆಯನ್ನ ಅವನು ರೇಗ್ಸೋಕೆ ಸಾವ್ಕಾರ ಅಂತಲೇ ಕರೀತಿದ್ದ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು."

"ನೀನಿರೋವಾಗ ನನಗೆ ಇನ್ನೊಂದು ಬ್ರೇಕ್ ಯಾಕೋ? ನಮ್ಮ ಗಾಡಿ ಬ್ರೇಕು ಎರಡು ಕಾಲಲ್ಲಿ ನಡೀತದೆ, ಎರಡು ಹೊತ್ತು ಮುದ್ದೆ ಉಣ್ತದೆ. ಯಾವ ಕಂಪನಿಯೋನು ಕೊಡ್ತಾನೆ ಅಂಥದ್ದು?"

ಇಬ್ರೂ ನಕ್ರು. ಊರೋರಿಗೂ ಆ ಮಾತು ಹಿಡಿಸ್ತು. ಆಮೇಲಿಂದ ಚೆಲುವಯ್ಯ ಬೀದೀಲಿ ಹೋದ್ರೆ ಬ್ರೇಕು ಬಂತು, ಬ್ರೇಕು ಬಂತು ಅನ್ನೋರು. ಅವನೂ ನಗ್ತಾ ಹೋಗೋನು.

ಒಂದು ಮಾತು ತಿಳ್ಕೋ. ಚಕ್ರ ದೊಡ್ಡದಾದ್ರೆ ಬ್ರೇಕು ಚಿಕ್ಕದಾಗ್ತದೆ. ಅದನ್ನ ಯಾರೂ ಮುಟ್ಟಿರಲ್ಲ, ಇದ್ದ ಜಾಗದಲ್ಲೇ ಇರ್ತದೆ, ಆದ್ರೂ ಚಿಕ್ಕದಾಗ್ತದೆ. ದೊಡ್ಡ ಚಕ್ರ ನಿಲ್ಲಿಸೋಕೆ ದೊಡ್ಡ ಕೈ ಬೇಕು. ಟೈರ್ ಬಂದ ಮೇಲೆ ಎರಡು ಸಲ ಒತ್ತಿದ್ರೆ ಹಿಡೀತಿದ್ದ ಪೆಡಲ್ಲು ಮೂರು ಸಲ ಕೇಳೋಕೆ ಶುರುಮಾಡ್ತು. ಚೆಲುವಯ್ಯ ಒಂದು ಕೈಯಲ್ಲಿ ಹಿಡಿಯೋ ಕಲ್ಲು ಬಿಸಾಕಿ ಎರಡು ಕೈಯಲ್ಲಿ ಎತ್ತೋ ಕಲ್ಲು ಇಟ್ಕೊಂಡ.

ಮಾರನೇ ವರ್ಷ ವ್ಯಾಪಾರಿ ಜೀಪ್ ಎತ್ತರ ಮಾಡಿಸ್ದ. ಕಮಾನು ಪಟ್ಟಿ ಬದಲಾಯಿಸಿ, ಹೊಟ್ಟೆ ಕಲ್ಲಿಗೆ ತಾಗದ ಹಂಗೆ ಏರಿಸ್ದ. ಆಮೇಲೆ ಮುಂದಗಡೆ ಬಂಪರಿಗೆ ವಿಂಚ್ ಬಂತು, ಉಕ್ಕಿನ ಹಗ್ಗ ಸುತ್ತಿದ ರಾಟೆ. ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಮರಕ್ಕೆ ಕೊಕ್ಕೆ ಹಾಕಿ ತನ್ನನ್ನ ತಾನೇ ಎಳ್ಕೊಳ್ತದೆ. ಅದಾದ ಮೇಲೆ ತಲೆ ಮೇಲೆ ಸಾಲಾಗಿ ಲೈಟು. ಸಂಜೆ ಹೊತ್ತು ಲೈಟ್ ಹಾಕಿ ಬೀದೀಲಿ ನಿಲ್ಲಿಸಿದ್ರೆ ಮದುವೆ ಮನೆ ಹಂಗೆ ಬೆಳಕು. ಜನ ಬಂದು ಪಕ್ಕದಲ್ಲಿ ನಿಂತು ಫೋಟೋ ತೆಗೆಸ್ಕೊಳ್ಳೋರು. ಸಂತೆ ಮಾಳದಲ್ಲಿ ನಕ್ಕಿದ್ದೋರೂ ಬಂದ್ರು. "ಇದು ಗೋಡೆ ಹತ್ತುತ್ತೆ ಕಣ್ರಪ್ಪ" ಅಂದ್ರು. ವ್ಯಾಪಾರಿಗೆ ಅವತ್ತು ನಿದ್ದೆ ಚೆನ್ನಾಗಿ ಬಂತು.

ಬ್ರೇಕಿನ ಮುಂದೆ ನಿಂತು ಯಾರು ಫೋಟೋ ತೆಗೆಸ್ಕೊಳ್ತಾರೆ? ಅದು ಚಕ್ರದ ಒಳಗೆ ಇರೋದು. ಹಾಕಿಸ್ದೋನಿಗೂ ಕಾಣಲ್ಲ.

ಚೆಲುವಯ್ಯ ಮತ್ತೆ ಬಾಯಿ ಬಿಡ್ಲಿಲ್ಲ. ಕಲ್ಲು ಸಾಲಲ್ಲ ಅಂತ ಒಂದು ಮರದ ಕೊರಡು ಕಡಿದು ಇಟ್ಕೊಂಡ, ಅಷ್ಟೆ. ಜೀಪು ಬೆಳೆದಂಗೆ ಕಲ್ಲೂ ಬೆಳೀತು. ಅದನ್ನ ವ್ಯಾಪಾರಿ ದಿನಾ ನೋಡ್ದ. ದಿನಾ ಪಕ್ಕದಲ್ಲೇ ಕೂತಿದ್ದ. ನೋಡಿದ್ದು ತಲೆಗೆ ಹೋಗ್ಲಿಲ್ಲ.

ಇನ್ನೊಂದು ಅವನ ತಲೆಗೆ ಹೋಗ್ಲಿಲ್ಲ. ಅವನ ವ್ಯಾಪಾರ ಎಂಥದ್ದು? ಹತ್ತೋವಾಗ ಜೀಪು ಖಾಲಿ, ಇಳಿಯೋವಾಗ ಮೂಟೆ ತುಂಬಿರ್ತದೆ. ಟೈರು, ಕಮಾನು, ವಿಂಚು, ಎಲ್ಲಾ ಹತ್ತೋಕೆ ಅಂತ ಹಾಕಿಸ್ದ. ಇಳಿಯೋಕೆ ಅಂತ ಒಂದು ಮೊಳೆ ಹಾಕಿಸ್ಲಿಲ್ಲ. ಬೆಟ್ಟದ ಕೆಳಗೆ ಹುಟ್ಟಿದೋನು ಅವನು. ಕೆಳಗಿಂದ ನೋಡೋನಿಗೆ ಬೆಟ್ಟ ಹತ್ತೋಕೇ ಇರೋದು ಅನ್ಸುತ್ತೆ.

ಮೂರನೇ ವರ್ಷ ಮರ ಮುರಿಯೋ ಹಂಗೆ ಕಾಯಿ ಬಿಡ್ತು. ಹಟ್ಟಿಯೋರು ಕುಟ್ಟಿ, ಬೀಜ ತೆಗೆದು, ಮೂಟೆ ಕಟ್ಟಿ ಒಟ್ಟಿದ್ರು. ಜೀಪು ಹತ್ತಿ ಇಳಿದು, ಹತ್ತಿ ಇಳಿದು ಮುಕ್ಕಾಲು ಪಾಲು ಮುಗೀತು. ಆಗ ಮೋಡ ಕಟ್ತು. ಆ ವರ್ಷ ಮಳೆ ಬೇಗ.

ಮುದುಕಿ ಒಬ್ಳು ಮೋಡ ನೋಡಿ ಕೇಳಿದ್ಲು: "ಏನಪ್ಪ, ಉಳಿದದ್ದು ತಲೆ ಮೇಲೆ ಇಟ್ಕೊಳ್ಳೋದಾ?"

"ನನ್ನ ಮಾತು ಮಾತೇ ಕಣವ್ವ. ಒಂದು ಮೂಟೆ ಬಿಡಲ್ಲ" ಅಂದ ವ್ಯಾಪಾರಿ.

ಎರಡು ಸಲ ಇಳಿಸೋದನ್ನ ಒಂದೇ ಸಲಕ್ಕೆ ಹೇರಿಸ್ದ. ಕಮಾನು ಹೊಸದು, ತಡ್ಕೊಳ್ತು. ಟೈರು ತಡ್ಕೊಳ್ತು. ಚೆಲುವಯ್ಯ ಒಂದು ಸುತ್ತು ಬಂದು ಹೇರು ನೋಡ್ದ. ಕೊರಡನ್ನ ಮಡಿಲಲ್ಲಿ ಮಗು ಹಂಗೆ ಇಟ್ಕೊಂಡು ಕೂತ.

ಅರ್ಧ ದಾರೀಲಿ, ಕಡಿದಾದ ತಿರುವಲ್ಲಿ, ಮೇಲಿಂದ ಬಂಡೆಕಲ್ಲು ಜರಿದು ದಾರಿಗೆ ಬಿದ್ದಿತ್ತು. ನಿಲ್ಲಿಸ್ಲೇಬೇಕು. ವ್ಯಾಪಾರಿ ಪೆಡಲ್ ಒತ್ತಿದ, ಒತ್ತಿದ, ಮತ್ತೆ ಒತ್ತಿದ. ಹಿಡೀತು, ಜೀಪ್ ನಿಲ್ತು. ಚೆಲುವಯ್ಯ ಹಾರಿ ಇಳಿದು ಮುಂದಿನ ಚಕ್ರಕ್ಕೆ ಕೊರಡು ಕೊಟ್ಟ. ಭಾರ ಅವನಿಗೂ ಗೊತ್ತಿತ್ತು. ಒಂದು ಸಾಲದು ಅಂತ ಬಗ್ಗಿ ಇನ್ನೊಂದು ಕಲ್ಲು ನೂಕ್ತಿದ್ದ.

ಅಷ್ಟರಲ್ಲಿ ವ್ಯಾಪಾರಿ ಕಾಲ ಕೆಳಗೆ ಪೆಡಲ್ಲು ಮೆತ್ತಗಾಯ್ತು. ಬೆಣ್ಣೆಗೆ ಕಾಲಿಟ್ಟಂಗೆ ಕೆಳಗೆ ಹೋಯ್ತು. ಮತ್ತೆ ಒತ್ತಿದ. ಅಲ್ಲಿ ಏನೂ ಇರ್ಲಿಲ್ಲ.

"ಚೆಲುವಾ" ಅಂದ. ಅದಕ್ಕಿಂತ ಹೆಚ್ಚಿಗೆ ಹೇಳೋಕೆ ಆಗ್ಲಿಲ್ಲ.

ಕೊರಡು ಅಲ್ಲಾಡ್ಲಿಲ್ಲ. ಚೆಲುವಯ್ಯ ಕೊಟ್ಟಿದ್ದು ಸರಿಯಾಗೇ ಇತ್ತು. ಆದ್ರೆ ಆ ಟೈರು ತಂದಿದ್ದು ಯಾಕೆ? ಅಡ್ಡ ಬಂದಿದ್ದನ್ನ ಹತ್ತೋಕೆ. ಅದು ಅದರ ಕೆಲಸ ಮಾಡ್ತು. ಕೊರಡು ಹತ್ತಿತು, ಕಲ್ಲು ಹತ್ತಿತು, ಆಚೆ ಇಳೀತು. ಬಂಡೆಗೆ ಮುಖ ಕೊಟ್ಟು ನಿಂತಾಗ ಚೆಲುವಯ್ಯನ ಕಾಲು ಚಕ್ರದ ಕೆಳಗಿತ್ತು.

ವಿಂಚು ಇತ್ತಲ್ಲ ಅಂತೀಯ. ಇತ್ತು. ಮುಂದಗಡೆ ಇತ್ತು. ಜೀಪು ಹಿಂದಕ್ಕೆ ಹೋಗ್ಬೇಕಿತ್ತು.

ವ್ಯಾಪಾರಿ ಬೆಟ್ಟದ ಮೇಲಕ್ಕೆ ಓಡಿ ಕೂಗಿದ. ಹಟ್ಟಿಯೋರು ಹಗ್ಗ ಹಿಡ್ಕೊಂಡು ಬಂದ್ರು. ಮೊದಲು ಮೂಟೆ ಇಳಿಸಿ ದಾರಿ ಬದೀಗೆ ಎಸೆದ್ರು. ಆಮೇಲೆ ಗಂಡಸ್ರು ಹೆಂಗಸ್ರು ಸೇರಿ ಜೀಪನ್ನ ಹಿಂದಕ್ಕೆ ಎಳೆದ್ರು. ಅವರು ಎಳೆಯೋ ಅಷ್ಟು ಹೊತ್ತೂ ಚೆಲುವಯ್ಯನ ತಲೆ ವ್ಯಾಪಾರಿ ತೊಡೆ ಮೇಲಿತ್ತು. ಚೆಲುವಯ್ಯನೇ ಇವನಿಗೆ ಸಮಾಧಾನ ಹೇಳ್ತಿದ್ದ. ಅವನನ್ನ ಕಂಬಳೀಲಿ ಹಾಕಿ ಹೊತ್ಕೊಂಡೇ ಇಳಿದ್ರು. ಜೀಪ್ ಹತ್ತಿಸೋಕೆ ಯಾರೂ ಒಪ್ಲಿಲ್ಲ.

ಮಂಡಿಯಿಂದ ಕೆಳಗೆ ಕಾಲು ಉಳೀಲಿಲ್ಲ. ಮಳೆ ಅವತ್ತೇ ಸಂಜೆ ಹಿಡ್ಕೊಳ್ತು. ದಾರಿ ಬದಿ ಎಸೆದ ಮೂಟೆ ಅಲ್ಲೇ ಕೊಳೀತು. ಮುಂದಿನ ಬೇಸಿಗೇಲಿ ಹಟ್ಟಿಯೋರಲ್ಲಿ ಕೆಲವರು ಮತ್ತೆ ತಲೆ ಮೇಲೆ ಹೊತ್ರು, ಉಳಿದೋರು ಬೇರೆ ವ್ಯಾಪಾರಿಗೆ ಬಾಗಿಲು ತೆಗೆದ್ರು.

ಆಸ್ಪತ್ರೆ ಖರ್ಚು ವ್ಯಾಪಾರಿನೇ ನೋಡ್ಕೊಂಡ. ಜೀಪಿಗೆ ಬ್ರೇಕೂ ಹಾಕಿಸ್ದ. ಡ್ರಮ್ಮು, ಲೈನರು, ಪೈಪು, ಎಲ್ಲಾ ಹೊಸದು. ಯಾಕೆ ಹಾಕಿಸ್ದೆ ಅಂದಿದ್ರೆ ಅವನಿಗೇ ಗೊತ್ತಿರ್ಲಿಲ್ಲ. ಹಾಕಿಸ್ದೇ ಇದ್ರೆ ಚೆಲುವಯ್ಯನ ಮನೆ ಕಡೆ ಮುಖ ಹಾಕೋಕೆ ಆಗಲ್ಲ ಅನ್ಸಿತ್ತು.

ಹೋದ. ಚೆಲುವಯ್ಯ ಜಗಲಿ ಮೇಲೆ ಗೋಡೆಗೆ ಒರಗಿ ಕೂತಿದ್ದ. ಹೆಂಡ್ತಿ ಸಣ್ಣಮ್ಮ ಒಂದು ಲೋಟ ನೀರು ತಂದಿಟ್ಟು ಒಳಗೆ ಹೋದ್ಲು.

"ಬ್ರೇಕ್ ಹಾಕಿಸ್ದ್ಯಾ ಸಾವ್ಕಾರ?" ಅಂದ ಚೆಲುವಯ್ಯ.

"ಹಾಕಿಸ್ದೆ ಕಣೋ. ನಾಲ್ಕೂ ಚಕ್ರಕ್ಕೆ. ಒಂದೇ ಸಲಕ್ಕೆ ಹಿಡೀತದೆ."

"ಒಳ್ಳೇದಾಯ್ತು ಬಿಡು. ಇನ್ನು ಜೊತೇಲಿ ಯಾರೂ ಬೇಕಾಗಲ್ಲ ನಿನಗೆ."

ಕೋಪದಲ್ಲಿ ಅಂದಿದ್ರೆ ವ್ಯಾಪಾರಿ ತಡ್ಕೊಳ್ತಿದ್ದ. ಬೈದಿದ್ರೆ ಬೈಸ್ಕೊಳ್ತಿದ್ದ. ಚೆಲುವಯ್ಯ ಗೆಳೆಯನಿಗೆ ಒಳ್ಳೇದಾಗ್ಲಿ ಅನ್ನೋ ಹಂಗೇ ಅಂದ. ವ್ಯಾಪಾರಿ ಲೋಟದ ನೀರು ಹಂಗೇ ಇಟ್ಟ. ಎದ್ದು ಬಂದ.

ಆಮೇಲೆ ಒಂದು ಸಲ ಮಾತ್ರ ಜೀಪನ್ನ ಬೆಟ್ಟಕ್ಕೆ ತಗೊಂಡು ಹೋದ. ಇಳಿಯೋವಾಗ ನಿಲ್ಲಿಸ್ದ. ಒಂದೇ ಒತ್ತಿಗೆ ನಿಲ್ತು, ಕದಲ್ಲಿಲ್ಲ. ಅವನು ಎಡಗಡೆ ನೋಡ್ಕೊಂಡು ಕೂತ. ಯಾರೋ ಹಾರಿ ಇಳೀತಾರೆ ಅಂತ ಕಾಯ್ತಿದ್ದ ಹಂಗೆ ಬಾಳ ಹೊತ್ತು ಕೂತಿದ್ದ.

ಜೀಪ್ ಮಾರೋಕೆ ಇಟ್ಟ. ಕಾಲು ತಿಂದ ಗಾಡಿ ಅಂತ ಸುತ್ತಮುತ್ತ ಯಾರೂ ಮುಟ್ಟಲಿಲ್ಲ. ದೂರದೂರಿನ ಒಬ್ಬ ಬಂದು ಕೇಳ್ದಷ್ಟಕ್ಕೆ ತಗೊಂಡು ಹೋದ. ವ್ಯಾಪಾರಿ ಚೌಕಾಸಿ ಮಾಡ್ಲಿಲ್ಲ. ಹುಣಿಸೆ ವ್ಯಾಪಾರನೂ ಬಿಟ್ಟ. ಈಗ್ಲೂ ಅವರಿಬ್ರ ಮನೆ ಅದೇ ಬೀದೀಲಿ, ಎದುರುಬದುರು. ವ್ಯಾಪಾರಿ ಮನೇಲಿ ಮುಂದಿನ ಬಾಗಿಲು ತೆಗೆಯಲ್ಲ, ಹಿತ್ತಲಿಂದ ಓಡಾಡ್ತಾನೆ.

ಕತೆ ಅಷ್ಟೇ ಅಂದ ಮೇಸ್ತ್ರಿ.

ಶಿಷ್ಯ ತನ್ನ ಜೀಪ್ ಕಡೆ ಒಂದು ಸಲ ನೋಡ್ದ. ಮನಸ್ಸಲ್ಲೇ ಏನೋ ಕೂಡಿಸಿ ಕಳೆದು ಮಾಡ್ದ. ಆಮೇಲೆ ಕೇಳ್ದ:

"ಅಲ್ಲಾ ಮೇಸ್ತ್ರಿ, ಎಲ್ಲಾ ಸೇರಿ ಅವನಿಗೆ ಎಷ್ಟು ಲಾಸಾಯ್ತು?"

ಮೇಸ್ತ್ರಿ ಹೇಳ್ದ: "ಇಷ್ಟು ಕೇಳಿದ ಮೇಲೂ ನಿನ್ನ ಬಾಯಿಗೆ ಮೊದಲು ಬಂದಿದ್ದು ದುಡ್ಡಿನ ಲೆಕ್ಕವೇ ನೋಡು. ತಗೋ, ಅವನಿಗಾದ ಲಾಸು ಒಂದು ಲಕ್ಷ ನಲವತ್ತೊಂದು ಸಾವಿರದ ಐನೂರು ರೂಪಾಯಿ."