ಹೊಳೆ ಕಡೆಯ ಕಿಟಕಿ

ಹೊಳೆದಂಡೆಯ ಆಶ್ರಮವೊಂದರಲ್ಲಿ ಚಿದಂಬರಯ್ಯ ಎಂಬ ಗುರುಗಳು ಮನೆ ಕಟ್ಟುವ ವಿದ್ಯೆ ಕಲಿಸುತ್ತಿದ್ದರು.

ಅವರ ಶಿಷ್ಯ ಭುಜಂಗ ಲೆಕ್ಕದಲ್ಲಿ ಹುಲಿ. ಗೋಡೆ ಏಳುವ ಮೊದಲೇ ಕಂಪ್ಯೂಟರಿನಲ್ಲಿ ಮನೆಯ ಪ್ರತಿರೂಪ ಕಟ್ಟಿ, ಗಾಳಿ ಎಲ್ಲಿ ನುಗ್ಗುತ್ತದೆ, ಎಲ್ಲಿ ಹೊರಬೀಳುತ್ತದೆ ಎಂದು ನೋಡುತ್ತಿದ್ದ. ಬಾಗಿಲ ಸಂದಿಯಲ್ಲಿ, ಹೆಂಚಿನ ಸಂದಿಯಲ್ಲಿ ನುಸುಳುವ ಗಾಳಿಯನ್ನೂ ಲೆಕ್ಕಕ್ಕೆ ಸೇರಿಸದೆ ಬಿಡುತ್ತಿರಲಿಲ್ಲ.

ದೋಣಿ ನಡೆಸುವ ಸಣ್ಣತಾಯಿಗೆ ಅವನೇ ಮನೆ ಕಟ್ಟಿಕೊಟ್ಟ. ಅವಳ ಪುಟ್ಟ ಮಗಳಿಗೆ ಉಬ್ಬಸ. ಒಲೆಯ ಹೊಗೆ ಒಳಗೆ ನಿಲ್ಲದಿರಲೆಂದು ಹೊಳೆಯ ಕಡೆಗೆ ದೊಡ್ಡ ಕಿಟಕಿ ಇಟ್ಟ.

ಮಳೆಗಾಲ ಕಳೆಯಿತು. ಮಗುವಿನ ಉಬ್ಬಸ ಹೆಚ್ಚಾಯಿತು.

ಭುಜಂಗ ಸಿಟ್ಟಿನಿಂದ ಗುರುಗಳ ಬಳಿ ಬಂದ. "ನನ್ನ ಲೆಕ್ಕ ಸರಿಯಾಗಿದೆ ಗುರುಗಳೇ. ಆಕೆ ಕಿಟಕಿ ತೆಗೆಯುವುದೇ ಇಲ್ಲ."

"ನಿನ್ನ ಲೆಕ್ಕದಲ್ಲಿ ಕಿಟಕಿ ತೆಗೆಯುವವರು ಯಾರು?"

"ಯಾರೂ ಇಲ್ಲ. ಅದು ತೆರೆದೇ ಇರುತ್ತದೆ."

"ಹೋಗಿ ನೀನೇ ತೆಗೆದು ಬಾ" ಎಂದರು ಗುರುಗಳು.

ಭುಜಂಗ ಹೋದ. ಒಳಗೆ ಹೊಗೆ ಕವಿದಿತ್ತು. ಮಗು ಗೋಡೆಗೊರಗಿ ಏದುಸಿರು ಬಿಡುತ್ತಿತ್ತು. ಅವನು ಅಗುಳಿ ಸರಿಸಿ ಕಿಟಕಿ ತೆಗೆದ. ಗಾಳಿ ಲೆಕ್ಕದಲ್ಲಿದ್ದಂತೆಯೇ ನುಗ್ಗಿತು.

ಮಗು ಎದ್ದು ಬಂದು ಕಿಟಕಿಯ ಸರಳು ಹಿಡಿದುಕೊಂಡಿತು.

"ಅವ್ವಾ, ಅಣ್ಣ ಯಾವಾಗ ಮೇಲೆ ಬರ್ತಾನೆ?"

ಮಳೆಗಾಲದಲ್ಲಿ ಸಣ್ಣತಾಯಿಯ ಮಗ ಹೊಳೆಯ ಪಾಲಾದದ್ದು ಭುಜಂಗನಿಗೆ ಗೊತ್ತಿತ್ತು. ಈ ಕಿಟಕಿಯ ಎದುರಿನ ಮಡುವಿನಲ್ಲೇ ಎಂಬುದು ಗೊತ್ತಿರಲಿಲ್ಲ.

"ತೆಗೆದಾಗೆಲ್ಲ ಹಿಂಗೇ ಕೇಳ್ತಾಳೆ ಸ್ವಾಮಿ" ಎಂದಳು ಸಣ್ಣತಾಯಿ. "ಕತ್ತಲಾದ್ರೂ ಅಲ್ಲಿಂದ ಏಳಲ್ಲ. ಉಣ್ಣಲ್ಲ. ಏನಂತ ಹೇಳ್ಲಿ?"

ಭುಜಂಗ ಮಗುವಿನ ಪಕ್ಕದಲ್ಲಿ ಮಂಡಿಯೂರಿದ. ಮಗುವಿನ ಬೆರಳುಗಳನ್ನು ಸರಳಿನಿಂದ ಮೆಲ್ಲಗೆ ಬಿಡಿಸಿದ. ಕಿಟಕಿ ಮುಚ್ಚಿದ. ದಾರಿಯುದ್ದಕ್ಕೂ ಅತ್ತ.

"ತೆಗೆದೆಯಾ?" ಗುರುಗಳು ಕೇಳಿದರು.

"ತೆಗೆದೆ. ಆಮೇಲೆ ನಾನೇ ಮುಚ್ಚಿದೆ."

"ಮಗುವಿನ ಉಸಿರು?"

ಭುಜಂಗ ತನ್ನ ಕೋಣೆಗೆ ಹೋದ. ಎರಡು ದಿನ ಕಂಪ್ಯೂಟರ್ ಮುಂದೆ ಕೂತ. ಮೂರನೆಯ ದಿನ ಮತ್ತೆ ಬಂದ.

"ದಾರಿ ಸಿಕ್ಕಿತು ಗುರುಗಳೇ. ಒಲೆಯ ಮೇಲೆ ಸೂರಿನಲ್ಲಿ ಗವಾಕ್ಷಿ ಬಿಡುತ್ತೇನೆ. ಬಿಸಿಗಾಳಿ ತಾನಾಗಿ ಮೇಲೇರಿ ಹೊಗೆಯನ್ನು ಎಳೆದೊಯ್ಯುತ್ತದೆ. ಅಲ್ಲಿಂದ ಹೊಳೆ ಕಾಣುವುದಿಲ್ಲ. ಕಾಣುವುದು ಆಕಾಶ ಮಾತ್ರ."

ಗುರುಗಳು ತಲೆಯೆತ್ತಿ ಸೂರಿನ ಕಡೆಗೆ ನೋಡಿದರು. ಅವರ ಕಣ್ಣೂ ಒದ್ದೆಯಾಗಿತ್ತು.

"ಗವಾಕ್ಷಿ ಬಿಡು, ಮಗು ಉಸಿರಾಡಲಿ. ಅದಕ್ಕೂ ಮೊದಲು, ಅಣ್ಣ ಎಲ್ಲಿಗೆ ಹೋದ ಎಂದು ಆ ಮಗು ಕೇಳಿದರೆ ತಾಯಿ ಯಾವ ಕಡೆಗೆ ಕೈ ತೋರಿಸುತ್ತಾಳೆ, ಹೊಳೆಗೋ ಆಕಾಶಕ್ಕೋ, ಕೇಳಿಕೊಂಡು ಬಾ."