ತೊಟ್ಟಿಲಗುಂಡು

ಕರೇಕಲ್ಲು ಬೆಟ್ಟದ ಬುಡದಲ್ಲಿ, ಕುರಿಹಟ್ಟಿಗೆ ತಿರುಗುವ ದಾರಿಯ ಪಕ್ಕ ಒಂದು ದೊಡ್ಡ ಗುಂಡುಕಲ್ಲು ಇದೆ. ಅದರ ಹೆಸರು ತೊಟ್ಟಿಲಗುಂಡು. ಊರಿಗೆ ಬಂದವರು ನಾಲ್ಕೂ ದಿಕ್ಕಿನಿಂದ ನೋಡಿ, ತೊಟ್ಟಿಲಿನ ಆಕಾರ ಕಾಣದೆ, ಹೆಸರಿಟ್ಟವರಿಗೆ ಕಣ್ಣಿರಲಿಲ್ಲವೇನೋ ಎಂದು ನಗುತ್ತಾರೆ. ಕಣ್ಣು ಇಲ್ಲದಿರುವುದು ಅವರಿಗೇ. ಬಗ್ಗಿ ನೋಡಿದರೆ ನೆರಳಿನ ಮಗ್ಗುಲಲ್ಲಿ, ಕೂತ ಹೆಂಗಸಿನ ತೋಳಿನ ಎತ್ತರಕ್ಕೆ, ಅಂಗೈಯಗಲದ ತೊಟ್ಟಿಲೊಂದನ್ನು ಕೊರೆದಿರುವುದು ಕಾಣುತ್ತದೆ. ಗೆರೆಗಳಲ್ಲಿ ಮಸಿ ತುಂಬಿದೆ.

ಹಿಂದೆ ಒಮ್ಮೆ ಈ ಹಟ್ಟಿಯಲ್ಲಿ ಕಾಟಯ್ಯನೆಂಬ ಕುರಿಗಾರನಿದ್ದ. ಅವನ ಹೆಂಡತಿ ದುರುಗವ್ವನಿಗೆ ಮಕ್ಕಳಾಗಲಿಲ್ಲ. ಗಂಡನಿಗೆ ಎರಡನೆಯ ಹೆಣ್ಣು ನೋಡಿ, ಒಪ್ಪಿಸಿ, ಮನೆಗೆ ಕರೆತಂದವಳು ಅವಳೇ. ಹಾಗೆ ಬಂದವಳು ಬೊಮ್ಮಕ್ಕ. ಗಂಡು ಕೂಸು ಹುಟ್ಟಿದ ದಿನ ಹಟ್ಟಿಗೆಲ್ಲ ಬೆಲ್ಲ ಹಂಚಿದವಳೂ ದುರುಗವ್ವನೇ. ಬೆಲ್ಲ ಕರಗುವ ಮೊದಲೇ ಹೊಟ್ಟೆಕಿಚ್ಚು ಹತ್ತಿಕೊಂಡಿತು ಎನ್ನುತ್ತಾರೆ. ಬೊಮ್ಮಕ್ಕನ ಎಡತೋಳಿನ ಮೇಲೆ ತವರಿನಲ್ಲಿ ಹಾಕಿಸಿಕೊಂಡ ತೊಟ್ಟಿಲ ಹಚ್ಚೆಯಿತ್ತು. ಕೂಸು ಎಷ್ಟೇ ರಚ್ಚೆ ಹಿಡಿದರೂ ಆ ಹಚ್ಚೆಯನ್ನು ಬೆರಳಲ್ಲಿ ತಡವಿದರೆ ಸುಮ್ಮನಾಗುತ್ತಿತ್ತು. ದುರುಗವ್ವ ಎತ್ತಿಕೊಂಡರೆ ಅವಳ ಬೋಳು ತೋಳನ್ನು ತಡವಿ, ಹುಡುಕಿ, ಮತ್ತೆ ಅಳಲು ಶುರು ಮಾಡುತ್ತಿತ್ತು. ಆ ಪುಟ್ಟ ಕೈ ತನ್ನ ತೋಳಿನಲ್ಲಿ ಏನನ್ನೋ ಹುಡುಕಿ ಸೋಲುವುದನ್ನು ಅವಳು ಸಹಿಸಲಾರದೆ ಹೋದಳು. ಅದೇ ತೊಟ್ಟಿಲು ತನ್ನ ತೋಳಿನಲ್ಲೂ ಇದ್ದರೆ ಕೂಸು ತನ್ನದಾಗುತ್ತದೆ ಎಂದು ಎಣಿಸಿದಳು.

ಸುಗ್ಗಿಯ ಹೊತ್ತಿಗೆ ಹಚ್ಚೆ ಹಾಕುವ ಕೊರವರ ಹುಲಿಗೆವ್ವ ಬಂದು ಈ ಗುಂಡಿನ ನೆರಳಲ್ಲಿ ಕೂತಳು. ದೀಪದ ಮಸಿಯನ್ನು ಮೊಲೆಹಾಲಿನಲ್ಲಿ ಕಲಸಿ ಸೂಜಿಯಲ್ಲಿ ಚುಚ್ಚುವುದು ಅವರ ಪದ್ಧತಿ. ಆ ವರ್ಷ ಹಟ್ಟಿಯಲ್ಲಿ ಹಾಲೂಡುತ್ತಿದ್ದವಳು ಬೊಮ್ಮಕ್ಕ ಒಬ್ಬಳೇ. ಹಾಲಿಗಾಗಿ ಸವತಿಯ ಮುಂದೆ ಕರಟ ಹಿಡಿದು ನಿಲ್ಲುವುದಕ್ಕಿಂತ ಸಾಯುವುದು ಮೇಲೆಂದು ದುರುಗವ್ವ ಗುಟ್ಟಾಗಿ ಮೇಕೆ ಹಾಲು ಕರೆದು, ಪಕ್ಕದ ಹಟ್ಟಿಯ ಬಾಣಂತಿಯದೆಂದು ಸುಳ್ಳು ಹೇಳಿ ಕೊಟ್ಟಳು. ಹಚ್ಚೆಯೇನೋ ಬಿತ್ತು. ಆದರೆ ತೋಳು ಬಾತು, ಕೀವಾಗಿ, ಹಕ್ಕಳೆಯ ಜೊತೆಗೆ ಬಣ್ಣವೂ ಉದುರಿತು.

ಅವಳು ಆ ತೋಳನ್ನು ಹೊತ್ತು ಮತ್ತೆ ಗುಂಡಿನ ಬಳಿ ಬಂದಾಗ ಹುಲಿಗೆವ್ವ ಸಿಟ್ಟಾದಳು. "ನಿಜ ಹೇಳವ್ವಾ, ಯಾರ ಹಾಲು ತಂದಿದ್ದೆ?"

"ಮೇಕೇದು."

"ಮನೇಲೇ ಹಾಲಿತ್ತಲ್ಲೇ! ಕೇಳಾಕೆ ಬಾಯಿ ಬರಲಿಲ್ವಾ?"

ಕೂಸನ್ನು ಕಂಕುಳಲ್ಲಿಟ್ಟುಕೊಂಡು ನೀರಿಗೆ ಹೊರಟಿದ್ದ ಬೊಮ್ಮಕ್ಕನ ಕಿವಿಗೆ ಇದು ಬಿತ್ತು. ಅವಳು ಬಂದು, ಹುಲಿಗೆವ್ವನ ಮಸಿ ಕಲಸುವ ಕರಟ ಎತ್ತಿಕೊಂಡು, ಅತ್ತ ತಿರುಗಿ ಕೂತು ಹಾಲು ಹಿಂಡಿ ತಂದಿಟ್ಟಳು. "ಹಾಲು ಕೊಡ್ತೀನಿ ಅಕ್ಕ. ಕೂಸ್ನ ಮಾತ್ರ ಕೊಡಲ್ಲ," ಎಂದಳು. ಅವಳಿಗೂ ಹೊಟ್ಟೆಕಿಚ್ಚಿತ್ತು, ಇರಬಾರದೇಕೆ? ಇನ್ನೊಂದು ತೋಳನ್ನು ತಡವಿ ತನ್ನ ಮಗು ಸುಮ್ಮನಾದರೆ ಯಾವ ತಾಯಿ ತಡೆದುಕೊಂಡಾಳು?

ಆದರೆ ಹುಲಿಗೆವ್ವ ಗಾಯ ಮುಟ್ಟಿ ನೋಡಿ, ಕೀವಾಗಿ ಕೆಟ್ಟ ತೊಗಲು ಇನ್ನು ಸೂಜಿ ಹಿಡಿಯುವುದಿಲ್ಲ ಎಂದುಬಿಟ್ಟಳು. ದುರುಗವ್ವ ಒಂದು ಚೂಪುಗಲ್ಲು ಹೆಕ್ಕಿ, ತನ್ನ ತೋಳು ಒರಗಿದ್ದ ಜಾಗದಲ್ಲೇ ಗುಂಡನ್ನು ಕುಟ್ಟಿ ಕುಟ್ಟಿ ತೊಟ್ಟಿಲು ಕೊರೆದಳು. ಬೊಮ್ಮಕ್ಕ ಕೊಟ್ಟ ಹಾಲಿಗೆ ಮಸಿ ಕಲಸಿ ಅದರ ಮೇಲೆ ಸುರಿದಳು. ಕಲ್ಲು ಅಷ್ಟನ್ನೂ ಕುಡಿಯಿತು, ಗೆರೆ ತುಂಬಲಿಲ್ಲ. ಅವಳು ಆಗ ಅತ್ತಳು ಎನ್ನುತ್ತಾರೆ. ಬೊಮ್ಮಕ್ಕ ಇನ್ನಷ್ಟು ಹಾಲು ಹಿಂಡಿ, ಮಸಿ ಕಲಸಿ, ಗೆರೆಗೆ ತಿಕ್ಕಲು ಬಂದಳು. "ಇವನ್ನ ಒಂದೀಟು ಹಿಡ್ಕಳಕ್ಕ, ಎರಡೂ ಕೈ ಬೇಕು," ಎಂದು ಕೂಸನ್ನು ಚಾಚಿದಳು. ಕೂಸು ಅಳಲಿಲ್ಲ ಎಂದು ಹೇಳುವವರಿದ್ದಾರೆ. ಅದು ಕಥೆಯನ್ನು ಸಿಹಿ ಮಾಡುವವರ ಮಾತು. ಕೂಸು ಕಿರುಚಿ ಅತ್ತಿತು. ದುರುಗವ್ವ ಕೆಳಗಿಳಿಸಲಿಲ್ಲ, ಅಷ್ಟೇ.

ಇಂದಿಗೂ ಸುತ್ತಿನ ಹಟ್ಟಿಗಳ ಬಾಣಂತಿಯರು ಕೂಸಿನೊಂದಿಗೆ ಇಲ್ಲಿಗೆ ಬಂದು ಮಸಿಹಾಲು ತಿಕ್ಕುತ್ತಾರೆ. ಆಗ ಕೂಸನ್ನು ಮಕ್ಕಳಿಲ್ಲದ ಹೆಂಗಸೊಬ್ಬಳ ಕೈಗೆ ಕೊಡಬೇಕೆಂಬುದು ನೇಮ. ಗಂಡಸರಾದ ನಾವು ದೂರ ನಿಂತು ನೋಡುತ್ತೇವೆ. ತಾಯಂದಿರು ಬೇಗ ಬೇಗ ತಿಕ್ಕುತ್ತಾರೆ, ನಡುನಡುವೆ ತಿರುಗಿ ನೋಡುತ್ತಾರೆ. ಕೂಸನ್ನು ಹಿಡಿದವಳು ಮಾತ್ರ, ಮೇಲಿನ ಗೆರೆ ಇನ್ನೂ ತುಂಬಿಲ್ಲ ನೋಡು ತಾಯಿ, ಎನ್ನುತ್ತಲೇ ಇರುತ್ತಾಳೆ.